48 ವೋಲ್ಟಿನ ಕಾರು

ಕಲಬುರಗಿಯ ಐವಾನ್-ಎ-ಶಾಹಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸುಮಾರು 35 ಕಿ.ಮೀ. ಹೋಗಿಬರಲು 70. ಬೆಂಗಳೂರಿನ ಮೈನಿ ಕುಟುಂಬ 2001ರಲ್ಲಿ ಮಾರುಕಟ್ಟೆಗೆ ತಂದ ಪುಟ್ಟ ಕಾರು ‘ರೇವಾ’ ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಓಡುತ್ತದೆ ಎಂದು ಕಂಪನಿ ಹೇಳುತ್ತಿತ್ತು. ಲೆಕ್ಕದಲ್ಲಿ ಈ ಪ್ರಯಾಣ ಮುಗಿಯುತ್ತದೆ. ಆದರೆ ಏಪ್ರಿಲ್ ಬಿಸಿಲಲ್ಲಿ ಹತ್ತು ಕಿಲೋಮೀಟರಿನಷ್ಟು ಹೆಚ್ಚುವರಿ ಚಾರ್ಜ್ ಮಾತ್ರ ಕೈಯಲ್ಲಿಟ್ಟುಕೊಂಡು ಊರಾಚೆ ಹೊರಡುವ ಧೈರ್ಯ ಎಲ್ಲರಿಗೂ ಬರುವಂಥದ್ದಲ್ಲ. ಆ ಇಕ್ಕಟ್ಟಿನ ಮೂಲ ಮುಂದಿನ ಸೀಟುಗಳ ಕೆಳಗಿತ್ತು.

ಅಲ್ಲಿದ್ದದ್ದು 6 ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿಗಳು. ಸಾಲಾಗಿ ಜೋಡಿಸಿದರೆ 48 ವೋಲ್ಟ್.

ಕರೆಂಟು ಹೋದಾಗ ಫ್ಯಾನು ತಿರುಗಿಸುವ ಮನೆಯ ಇನ್ವರ್ಟರ್ ಬ್ಯಾಟರಿಯದೂ ಇದೇ ಕುಲ. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ ಮತ್ತು ಆಮ್ಲದ ಜೋಡಿ ಅದು; ಒಂದು ಸೆಲ್ಲಿಗೆ 2 ವೋಲ್ಟ್. ಬೇಸಿಗೆ ಬಂತೆಂದರೆ ಕಲಬುರಗಿಯ ಮನೆಗಳಲ್ಲಿ ಬ್ಯಾಟರಿಯ ನೀರು ಬೇಗ ಇಳಿಯುತ್ತದೆ, ಮುಚ್ಚಳದ ಮೇಲಿನ ತೇಲುಕಡ್ಡಿ ಕೆಳಗೆ ಹೋಗುತ್ತದೆ, ಡಿಸ್ಟಿಲ್ಡ್ ವಾಟರ್ ಕ್ಯಾನು ಹುಡುಕಬೇಕಾಗುತ್ತದೆ. ರೇವಾ ಇಟ್ಟುಕೊಂಡವರಿಗೂ ಈ ಕೆಲಸ ತಪ್ಪಿರಲಿಲ್ಲ.

ಹಾಗಾದರೆ ರೇವಾ ರೂಪಿಸಿದ ಚೇತನ್ ಮೈನಿ ಇದನ್ನೇಕೆ ಆರಿಸಿದರು? 1990ರಲ್ಲಿ ಅಮೆರಿಕದ ಸೌರಕಾರು ಸ್ಪರ್ಧೆ ಗೆದ್ದ ಮಿಷಿಗನ್ ವಿಶ್ವವಿದ್ಯಾಲಯದ ತಂಡದಲ್ಲಿದ್ದವರು ಅವರು. ಬ್ಯಾಟರಿಯ ಒಳಗುಟ್ಟು ತಿಳಿಯದವರಲ್ಲ. ಸೀಸದ ಬ್ಯಾಟರಿ ಅಗ್ಗ, ಹಳೆಯದಾದರೆ ಕರಗಿಸಿ ಮತ್ತೆ ಬಳಸಬಹುದು. 60 ವೋಲ್ಟಿನೊಳಗಿನ ಡಿ.ಸಿ. ವಿದ್ಯುತ್ತಿನಲ್ಲಿ ಶಾಕ್ ಹೊಡೆದು ಜೀವಕ್ಕೆ ಕುತ್ತಾಗುವ ಭಯವೂ ಕಡಿಮೆ. ಕಿಸೆಗೆ ಹಗುರ, ಮೆಕ್ಯಾನಿಕ್‌ಗೆ ಸಲೀಸು. ಆ ಕಾಲಕ್ಕೆ ಅದು ವಿವೇಕದ ಆಯ್ಕೆಯೇ.

ಅದಕ್ಕೆ ತೆತ್ತ ಬೆಲೆ ಎರಡು ಬಗೆಯದು. ಮೊದಲನೆಯದು ತೂಕ: ಕಾರಿನ ಭಾರದಲ್ಲಿ ಕಾಲುಭಾಗಕ್ಕೂ ಹೆಚ್ಚು ಬ್ಯಾಟರಿಯದೇ. ಎರಡನೆಯದು ಕರೆಂಟು. ಮೋಟಾರಿಗೆ 13 ಕಿಲೋವ್ಯಾಟ್ ಬೇಕೆಂದರೆ 48 ವೋಲ್ಟಿನಲ್ಲಿ ಸುಮಾರು 270 ಆಂಪಿಯರ್ ಹರಿಯಬೇಕು. ಅಷ್ಟೇ ಶಕ್ತಿ 320 ವೋಲ್ಟಿನಲ್ಲಾದರೆ 40 ಆಂಪಿಯರ್ ಸಾಕು. ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ತಂತಿಯಲ್ಲಿ ವ್ಯತ್ಯಾಸ ನಲವತ್ತು ಪಟ್ಟು ಮೀರುತ್ತದೆ. ಹಾಗಾಗಿ ಕಡಿಮೆ ವೋಲ್ಟೇಜಿನ ಕಾರಿಗೆ ದಪ್ಪ ದಪ್ಪ ತಾಮ್ರದ ಕೇಬಲ್ ಬೇಕು, ಅದು ಮತ್ತೆ ತೂಕ.

ಇದೇ ಕಾರು 2004ರಿಂದ ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಲ್ಲಿ ಓಡಾಡಿತು. 2009ರಲ್ಲಿ ಲಿಥಿಯಂ-ಅಯಾನ್ ರೇವಾ ಬಂತು; ಮರುವರ್ಷ ಕಂಪನಿ ಮಹೀಂದ್ರಾ ಪಾಲಾಯಿತು. ಲಿಥಿಯಂ ಸೆಲ್ ಒಂದಕ್ಕೇ 3 ವೋಲ್ಟಿಗಿಂತ ಹೆಚ್ಚು, ನೀರು ಹಾಕುವ ತಾಪತ್ರಯವಿಲ್ಲ. 2013ರ ‘ಇ2ಒ’ ಲಿಥಿಯಂ ಹೊತ್ತರೂ 48 ವೋಲ್ಟ್ ಬಿಡಲಿಲ್ಲ. ಮುಂದೆ ಅದರ ಅಣ್ಣನಂತೆ ಬಂದ ‘ಇ2ಒ ಪ್ಲಸ್’ನ ಮೇಲ್ದರ್ಜೆಯ ಮಾದರಿ 72ಕ್ಕೆ ಏರಿತು. 2020ರ ಟಾಟಾ ನೆಕ್ಸಾನ್ ಇ.ವಿ. ಬರುವ ಹೊತ್ತಿಗೆ ಲೆಕ್ಕ 300 ದಾಟಿತ್ತು.

ಬೆಂಗಳೂರಿನ ಇನ್ನೊಂದು ದಿಕ್ಕಿನಲ್ಲಿ, ಬಿಡದಿಯಲ್ಲಿ, ಟೊಯೋಟಾ ಬೇರೆಯೇ ದಾರಿ ತುಳಿಯಿತು. ಅಲ್ಲಿನ ಹೈಬ್ರಿಡ್ ಇನ್ನೋವಾ ಹೈಕ್ರಾಸ್‌ನಲ್ಲಿ 168 ನಿಕ್ಕಲ್-ಮೆಟಲ್ ಹೈಡ್ರೈಡ್ ಸೆಲ್ಲುಗಳು, ತಲಾ 1.2ರಂತೆ ಒಟ್ಟು 201.6 ವೋಲ್ಟ್. ಈ ಬ್ಯಾಟರಿ ಪೂರ್ತಿ ತುಂಬುವುದೂ ಇಲ್ಲ, ಪೂರ್ತಿ ಬರಿದಾಗುವುದೂ ಇಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಒಂದಿಷ್ಟು ತುಂಬಿಸಿಕೊಂಡು, ಹೊರಡುವಾಗ ಕೊಡುವ ಗಟ್ಟಿಮುಟ್ಟು ದುಡಿಮೆ ಅದರದು. ಇಂಥ ಕಾರಿನ ಬಾನೆಟ್ ಎತ್ತಿದರೆ ಕಿತ್ತಳೆ ಬಣ್ಣದ ಕೇಬಲ್ ಕಣ್ಣಿಗೆ ಬೀಳುತ್ತದೆ. ಅದು ಹೆಚ್ಚಿನ ವೋಲ್ಟೇಜಿನ ಗುರುತು. ತರಬೇತಿ ಪಡೆದವರು ರಬ್ಬರ್ ಗ್ಲೌಸ್ ಹಾಕಿಯೇ ಮುಟ್ಟಬೇಕು.

ಕಾರುಗಳು ಕೈಬಿಟ್ಟ 48 ವೋಲ್ಟ್ ಮಾತ್ರ ಮೂಲೆ ಸೇರಲಿಲ್ಲ. 2018ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಮಹೀಂದ್ರಾದ ‘ಟ್ರಿಯೋ’ ಆಟೋದಲ್ಲಿ ಅದು ಲಿಥಿಯಂ ಬ್ಯಾಟರಿಯೊಂದಿಗೆ ಮತ್ತೆ ಬೀದಿಗಿಳಿಯಿತು.