ಸೂಕ್ಷ್ಮದರ್ಶಕ ಮತ್ತು ಛಾಯಾಚಿತ್ರ: 1839ರಿಂದ 1877ರವರೆಗೆ

ಸೂಕ್ಷ್ಮದರ್ಶಕದೊಳಗೆ ಒಮ್ಮೆಗೆ ಒಬ್ಬನು ಮಾತ್ರ ನೋಡಬಲ್ಲನು. ಉಳಿದವರು ಆತನ ಮಾತನ್ನು ನಂಬಬೇಕು. ಈ ಉಪಕರಣಕ್ಕೆ ಮೊದಲಿನಿಂದಲೂ ಅಂಟಿಕೊಂಡಿದ್ದ ತೊಡಕು ಇದು. 1665ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಚಿಗಟ, ಹೇನು, ಬೂಷ್ಟು ಮೊದಲಾದ ನಿತ್ಯಪರಿಚಿತ ವಸ್ತುಗಳ ಚಿತ್ರಗಳಿವೆ. ಅವು ಎಷ್ಟೇ ಸೊಗಸಾಗಿದ್ದರೂ ಕಣ್ಣು ಕಂಡುದನ್ನು ಕೈ ಬರೆದವು. ಕಣ್ಣಿಗೂ ಕೈಗೂ ನಡುವೆ ಮನಸ್ಸೆಂಬುದೊಂದುಂಟು. ಅದು ತಾನು ನಿರೀಕ್ಷಿಸಿದುದನ್ನು ಸೇರಿಸಬಲ್ಲದು, ಒಲ್ಲದುದನ್ನು ಬಿಡಬಲ್ಲದು. ಈ ಮಧ್ಯಸ್ಥನನ್ನು ನಿವಾರಿಸುವುದರಲ್ಲಿ ಛಾಯಾಗ್ರಹಣವು ಎಷ್ಟರಮಟ್ಟಿಗೆ ಸಫಲವಾಯಿತೆಂಬುದೇ ಪ್ರಕೃತ ಲೇಖನದ ವಿಷಯ.

ಸೂರ್ಯನ ಬೆಳಕನ್ನು ಕನ್ನಡಿಯಿಂದ ಹಾಯಿಸಿ, ವಸ್ತುವಿನ ಹಿಗ್ಗಿದ ಬಿಂಬವನ್ನು ಕತ್ತಲೆಯ ಕೋಣೆಯಲ್ಲಿ ಮೂಡಿಸುವ ಸೌರ ಸೂಕ್ಷ್ಮದರ್ಶಕವು ಆಗಲೇ ಬಳಕೆಯಲ್ಲಿತ್ತು. ಆ ಬಿಂಬವನ್ನು ಹೆನ್ರಿ ಫಾಕ್ಸ್ ಟಾಲ್ಬಟನು ಬೆಳ್ಳಿಯ ಲವಣ ಬಳಿದ ಕಾಗದದ ಮೇಲೆ ಹಿಡಿದನು. 1839ರ ಜನವರಿ 25ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರದರ್ಶಿತವಾದ ಆತನ ಚಿತ್ರಗಳಲ್ಲಿ ಮರದ ತೆಳುಸೀಳಿನ ರಂಧ್ರಗಳನ್ನು ಹಿಗ್ಗಿಸಿ ತೋರಿಸಿದುದೂ ಒಂದು.

ಇದನ್ನು ವೈದ್ಯಶಿಕ್ಷಣಕ್ಕೆ ತಂದವನು ಪ್ಯಾರಿಸ್ಸಿನ ಆಲ್‌ಫ್ರೆಡ್ ಡೊನೆ. ಸೂಕ್ಷ್ಮದರ್ಶಕವನ್ನು ಸಂಶಯದಿಂದ ಕಾಣುತ್ತಿದ್ದ ವೈದ್ಯರಿಗೆ ರಕ್ತ, ಹಾಲು ಮೊದಲಾದ ದೇಹದ ದ್ರವಗಳ ಸ್ವರೂಪವನ್ನು ಮನಗಾಣಿಸುವುದು ಆತನ ಉದ್ದೇಶ. ಮುಂದೆ ಲೋಲಕದಿಂದ ಭೂಭ್ರಮಣವನ್ನು ತೋರಿಸಿ ಪ್ರಖ್ಯಾತನಾದ ಲಿಯೋನ್ ಫೂಕೋ ಆಗ ಆತನ ಸಹಾಯಕ. ಇಬ್ಬರೂ ಡಾಗೆರೋಟೈಪ್ ವಿಧಾನದಿಂದ ಚಿತ್ರಗಳನ್ನು ತೆಗೆದು 1845ರಲ್ಲಿ ಚಿತ್ರಸಂಪುಟವೊಂದನ್ನು ಪ್ರಕಟಿಸಿದರು. ಆದರೆ ಬೆಳ್ಳಿಯ ತಗಡಿನ ಮೇಲಣ ಚಿತ್ರವನ್ನು ನೇರವಾಗಿ ಪುಸ್ತಕದಲ್ಲಿ ಅಚ್ಚಿಸಲು ತಕ್ಕ ಉಪಾಯವಿರಲಿಲ್ಲ. ಆದ್ದರಿಂದ ಕೆತ್ತನೆಗಾರನು ಅವುಗಳನ್ನು ನೋಡಿ ಅಚ್ಚಿನ ಫಲಕಗಳನ್ನು ಕೊರೆಯಬೇಕಾಯಿತು. ಹೊರದೂಡಿದ ಕೈ ಹಿಂಬಾಗಿಲಿನಿಂದ ಮತ್ತೆ ಒಳಹೊಕ್ಕಿತು!

ಈ ಕೊರತೆ ನೀಗಿದುದು ರಾಬರ್ಟ್ ಕಾಖ್‌ನ 1877ರ ಪ್ರಬಂಧದಲ್ಲಿ. ವೋಲ್‌ಸ್ಟೈನ್ ಎಂಬ ಸಣ್ಣ ಊರಿನಲ್ಲಿ ಜಿಲ್ಲಾ ವೈದ್ಯನಾಗಿದ್ದ ಈತನು ಹಿಂದಿನ ವರ್ಷವಷ್ಟೇ ನೆರಡಿ ರೋಗದ ಬ್ಯಾಕ್ಟೀರಿಯದ ಜೀವನಚಕ್ರವನ್ನು ಪ್ರಕಟಿಸಿದ್ದನು. ಬ್ಯಾಕ್ಟೀರಿಯಗಳು ಚಲಿಸುವುದರಿಂದ ಚಿತ್ರ ಮಸುಕಾಗುತ್ತಿತ್ತು. ಕಾಖ್ ಅವುಗಳನ್ನು ಗಾಜಿನ ಬಿಲ್ಲೆಯ ಮೇಲೆ ತೆಳುವಾಗಿ ಹರಡಿ ಒಣಗಿಸಿದನು. ಅಂದಿನ ಫಲಕಗಳು ಮುಖ್ಯವಾಗಿ ನೀಲಿ ಬೆಳಕಿಗೆ ಸ್ಪಂದಿಸುತ್ತಿದ್ದವು. ನೀಲಿ ಬಣ್ಣ ಹಾಕಿದ ಜೀವಿ ಆ ಬೆಳಕನ್ನು ಹಾಯಗೊಟ್ಟು ಚಿತ್ರದಲ್ಲಿ ಮಾಸಿಹೋಗುತ್ತಿತ್ತು. ಅದಕ್ಕಾಗಿ ಆತನು ನೀಲಿಯನ್ನು ತಡೆಯುವ ಕಂದು ಬಣ್ಣವನ್ನು ಆರಿಸಿಕೊಂಡನು. ಪ್ರಬಂಧದಲ್ಲಿ ರೇಖಾಚಿತ್ರಗಳ ಬದಲು ಛಾಯಾಚಿತ್ರಗಳೇ ಅಚ್ಚಾದವು.

ಹಾಗಾದರೆ ಮಧ್ಯಸ್ಥನು ನಿವಾರಣೆಯಾದನೆ? ಇಲ್ಲವೆಂದೇ ಹೇಳಬೇಕು. ಒಣಗಿಸುವುದು, ಬಣ್ಣ ಹಾಕುವುದು, ನೋಡತಕ್ಕ ಎಡೆಯನ್ನು ಆರಿಸುವುದು—ಇವೆಲ್ಲ ಮನುಷ್ಯನ ನಿರ್ಧಾರಗಳೇ. ಅಲ್ಲದೆ ಮಸೂರವು ಒಮ್ಮೆಗೆ ಒಂದೇ ತಲವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಆಳವುಳ್ಳ ಅಂಗಾಂಶದ ಹಲವು ತಲಗಳನ್ನು ಕೂಡಿಸಿ ಕಾಣಿಸುವುದು ಅಂದು ರೇಖಾಚಿತ್ರಕ್ಕೆ ಮಾತ್ರ ಸಾಧ್ಯವಿತ್ತು. ನರಕೋಶಗಳನ್ನು ಶೋಧಿಸಿ 1906ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ಕಹಾಲ್, ವರ್ಣಛಾಯಾಗ್ರಹಣದ ಮೇಲೆ ಗ್ರಂಥ ಬರೆಯುವಷ್ಟು ನಿಪುಣನಾಗಿದ್ದರೂ, ತನ್ನ ಶೋಧಗಳನ್ನು ಬಹುಮಟ್ಟಿಗೆ ರೇಖೆಗಳಲ್ಲಿಯೇ ನಿರೂಪಿಸಿದನು.

ಆದರೂ ಒಂದು ಮುಖ್ಯ ವ್ಯತ್ಯಾಸ ಉಂಟಾಯಿತು. ಚಿತ್ರಕಾರನ ಕೈ ಬಿಟ್ಟುದೇನು, ಸೇರಿಸಿದುದೇನು ಎಂಬುದನ್ನು ಇತರರು ಅರಿಯಲಾರರು. ಛಾಯಾಗ್ರಾಹಕನ ನಿರ್ಧಾರಗಳಾದರೋ ಬಹುಪಾಲು ಚಿತ್ರಕ್ಕೆ ಮುಂಚೆಯೇ ಮುಗಿದಿರುವುದರಿಂದ ಅವುಗಳನ್ನು ವಿಧಾನವೆಂದು ಬರೆದಿಡಬಹುದು. ಇನ್ನೊಬ್ಬನು ಅದನ್ನೇ ಅನುಸರಿಸಿ ಮಾಡಿ ನೋಡಬಹುದು, ಒಪ್ಪಬಹುದು, ಅಲ್ಲಗಳೆಯಬಹುದು. ಛಾಯಾಚಿತ್ರವು ವಿಜ್ಞಾನಕ್ಕೆ ತಂದುಕೊಟ್ಟುದು ನಿಸ್ಸಂಶಯವಾದ ಸತ್ಯವನ್ನಲ್ಲ, ಸಂಶಯವನ್ನು ಪರೀಕ್ಷಿಸುವ ಮಾರ್ಗವನ್ನು.