ಕಾಡಿನ ಹೊಗೆ: ವಾಯುಮಾಲಿನ್ಯದ ಮಾದರಿ ಅಧ್ಯಯನ

ಯಳಂದೂರಿನ ಬಿಳಿಗಿರಿರಂಗನ ಬೆಟ್ಟ, ಹನೂರಿನ ಮಲೆ ಮಹದೇಶ್ವರ ಬೆಟ್ಟ, ಕೊಳ್ಳೇಗಾಲದ ಕಾಡಂಚುಗಳಲ್ಲಿ ಬೇಸಿಗೆಯ ಕಾಡ್ಗಿಚ್ಚಿನಿಂದ ಏಳುವ ಹೊಗೆಯ ಜಾಡು ಹಿಡಿಯುವ ವಿಧಾನವಿದು. ವಿದ್ಯಾರ್ಥಿಗೂ ಎಟುಕುವಂಥದ್ದು. 1999ರಲ್ಲಿ ಹಾರಿದ ಟೆರಾ ಉಪಗ್ರಹದ ಮೋಡಿಸ್ ಉಪಕರಣ ಬೆಂಕಿಯ ಜಾಗ ತೋರಿಸುತ್ತದೆ. ಅಮೆರಿಕದ ನೋವಾ ಸಂಸ್ಥೆಯ ಹೈಸ್‌ಪ್ಲಿಟ್ ಮಾದರಿ ಅಲ್ಲಿಯ ಗಾಳಿ ಎತ್ತ ಸಾಗಿತೆಂದು ಗಂಟೆಗಂಟೆಗೆ ಲೆಕ್ಕ ಹಾಕುತ್ತದೆ. ಎರಡೂ ಉಚಿತ. ಆದರೆ ಸುಮಾರು 1 ಕಿ.ಮೀ. ಅಗಲದ ಉಪಗ್ರಹ ಚುಕ್ಕೆಗೆ ಲಂಟಾನ ಪೊದೆಯಡಿ ತೆವಳುವ ಸಣ್ಣ ಬೆಂಕಿ ಕಾಣದೇ ಹೋಗಬಹುದು. ಹೀಗಾಗಿ ಈ ಬೆಟ್ಟಗಳ ಆದಿವಾಸಿಗಳಾದ ಸೋಲಿಗರ ಅನುಭವವೂ ದತ್ತಾಂಶವೇ. ಬೇಸಿಗೆಯ ಆರಂಭದಲ್ಲೇ ಒಣ ಎಲೆ ಸುಡುವ ಅವರ ‘ತರಗು ಬೆಂಕಿ’ ಬಿಳಿಗಿರಿ 1974ರಲ್ಲಿ ಅಭಯಾರಣ್ಯವಾದ ಬಳಿಕ ನಿಷಿದ್ಧವಾಯಿತು. ಲಂಟಾನ ಹಬ್ಬಿದ್ದು ಆ ನಿಷೇಧದಿಂದಲೇ ಎನ್ನುತ್ತಾರೆ ಸೋಲಿಗ ಹಿರಿಯರು.