ಮುಳ್ಳು ಬದಲಿಸುವುದನ್ನು ಮರೆತ ಮನೆಗಳು

ಹಳೆಯ ಬೆಂಗಳೂರಿನ ಗ್ರಾಮಫೋನಿನ ಕಥೆ ಹೇಳುವವರು ಹಿತ್ತಾಳೆಯ ಕೊಂಬು, ಅದರ ಮುಂದೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ, ಹಾಡಿದವರ ಹೆಸರು, ಇಷ್ಟರಲ್ಲೇ ನಿಂತುಬಿಡುತ್ತಾರೆ. ಪ್ಲೇಟಿಗೂ ಕಿವಿಗೂ ನಡುವೆ ದುಡಿದ ಮುಳ್ಳಿನ ಮಾತು ಬರುವುದೇ ಇಲ್ಲ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಮನೆಗಳ ಅಟ್ಟದಲ್ಲಿ ಉಳಿದಿರುವ ಪ್ಲೇಟುಗಳು ಇವತ್ತು ಹಾಡಿಗಿಂತ ಹೆಚ್ಚು ಕರಕರ ಎನ್ನುತ್ತಿದ್ದರೆ ಅದಕ್ಕೆ ವಯಸ್ಸಿಗಿಂತ ಮುಳ್ಳೇ ದೊಡ್ಡ ಕಾರಣ ಎಂಬುದು ನನ್ನ ವಾದ. ಆ ನಷ್ಟದ ಒಂದು ಪಾಲನ್ನು ಮುಳ್ಳು ಬದಲಿಸಿಯೇ ಇವತ್ತಿಗೂ ಹಿಂದಕ್ಕೆ ಪಡೆಯಬಹುದು ಎಂಬುದು ಅದರ ಮುಂದುವರಿಕೆ.

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗಟ್ಟಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡದ್ದು 1902ರಲ್ಲಿ. ಬೆಂಗಳೂರಿನಲ್ಲಿ ವಿದ್ಯುದ್ದೀಪ ಹತ್ತಿದ್ದೂ ಗಾಯನ ಸಮಾಜ ಹುಟ್ಟಿದ್ದೂ 1905ರಲ್ಲಿ. ಈ ಬಡಾವಣೆಗಳೂ ಗ್ರಾಮಫೋನೂ ಹೆಚ್ಚುಕಡಿಮೆ ಒಂದೇ ಕಾಲದ ಕೂಸುಗಳು. ಕೀಲಿ ಕೊಟ್ಟರೆ ತಿರುಗುವ ಪೆಟ್ಟಿಗೆಗೆ ವಿದ್ಯುತ್ತು ಬೇಕಿರಲಿಲ್ಲ. ಬೆಂಗಳೂರು ನಾಗರತ್ನಮ್ಮನವರ ಕಂಠವೂ ಪ್ಲೇಟಿನಲ್ಲಿ ಸಿಗತೊಡಗಿದಾಗ, ಸಭೆಗೆ ಹೋಗಲಾಗದ ಹೆಂಗಸರಿಗೂ ಸಂಗೀತ ನಡುಮನೆಯಲ್ಲೇ ದೊರೆಯಿತು. ಆದರೆ ಅದಕ್ಕೊಂದು ಶಿಸ್ತಿತ್ತು. ಅರಗಿನ ಪ್ಲೇಟಿನ ಒಂದು ಮುಖ ಹಾಡುವುದು ಮೂರು ಚಿಲ್ಲರೆ ನಿಮಿಷ. ಅದು ಮುಗಿದರೆ ಉಕ್ಕಿನ ಮುಳ್ಳನ್ನು ತೆಗೆದು ಹೊಸದನ್ನು ಸಿಕ್ಕಿಸಬೇಕು. ಇನ್ನೂರು ಮುಳ್ಳುಗಳ ಪುಟ್ಟ ತಗಡಿನ ಡಬ್ಬಿಗಳು ಮಾರಾಟಕ್ಕಿದ್ದುದು ಇದಕ್ಕೇ. ಮುಳ್ಳು ಮಾರುವ ಕಂಪನಿಯ ಲಾಭದಾಸೆ ಇದರ ಹಿಂದಿತ್ತೆಂದು ಅನ್ನಿಸಬಹುದು. ಆದರೆ ಕಾರಣ ಪ್ಲೇಟಿನ ಪಾಕದಲ್ಲೇ ಇತ್ತು. ಅರಗಿನ ಜೊತೆಗೆ ಕಲ್ಲಿನ ನಯವಾದ ಪುಡಿ ಬೆರೆಸುತ್ತಿದ್ದರು. ನೂರು ಗ್ರಾಂಗೂ ಮೀರಿದ ಭಾರ ಹೊತ್ತ ಮುಳ್ಳನ್ನು ಆ ಪುಡಿ ಮೊದಲ ಕೆಲವು ಸುತ್ತುಗಳಲ್ಲೇ ಉಜ್ಜಿ ಗೀರಿನ ಆಕಾರಕ್ಕೆ ತರುತ್ತಿತ್ತು. ಸವೆಯುವ ಪಾಳಿ ಮುಳ್ಳಿನದಾಗಲಿ, ಪ್ಲೇಟು ಉಳಿಯಲಿ ಎಂಬುದು ಲೆಕ್ಕ. ಒಂದು ಮುಖ ಹಾಡಿ ಚಪ್ಪಟೆಯಾದ ಮುಳ್ಳನ್ನೇ ಮತ್ತೆ ಹಾಕಿದರೆ ಅದರ ಅಂಚು ಉಳಿಯಾಗಿ ಗೀರಿನ ಗೋಡೆಯನ್ನು ಕೆತ್ತುತ್ತದೆ.

ಈ ಶಿಸ್ತನ್ನು ಕೆಡಿಸಿದ್ದು ಪ್ರಗತಿಯೇ. 1948ರಲ್ಲಿ ಅಮೆರಿಕದಲ್ಲಿ ಬಂದ ಲಾಂಗ್ ಪ್ಲೇ ತಟ್ಟೆಯ ಗೀರು ಹಳೆಯದರ ಸುಮಾರು ಮೂರನೇ ಒಂದು ಪಾಲು ಅಗಲದ್ದು. ಅದಕ್ಕೆ ಉಕ್ಕು ಸಲ್ಲದು. ನೀಲಮಣಿಯ, ವಜ್ರದ ತುದಿ ಬಂತು. ಪ್ರತಿ ಮುಖಕ್ಕೂ ಬದಲಿಸುವ ಕೆಲಸ ತಪ್ಪಿದ್ದೇ, ಬದಲಿಸುವ ಅಗತ್ಯವೇ ಇಲ್ಲವೆಂಬ ನಂಬಿಕೆ ಬೆಳೆಯಿತು. ಒಂದು ಲೆಕ್ಕ ಹಾಕಿ ನೋಡಿ. ಎಂ. ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ತಟ್ಟೆ ಬಂದದ್ದು 1963ರಲ್ಲಿ. ಒಂದು ಮನೆಯಲ್ಲಿ ಬೆಳಿಗ್ಗೆ ಇಪ್ಪತ್ತು ನಿಮಿಷ ಅದನ್ನು ಹಾಕಿದರೂ ವರ್ಷಕ್ಕೆ ನೂರಿಪ್ಪತ್ತು ತಾಸು ದಾಟುತ್ತದೆ. ನೀಲಮಣಿಯ ತುದಿ ಸರಿಯಾಗಿ ಬಾಳುವುದು ಸುಮಾರು ಐವತ್ತು ತಾಸು. ವಜ್ರದ್ದು ಐನೂರರಿಂದ ಸಾವಿರ. ಅಂದರೆ ಯುಗಾದಿಗೆ ಹಾಕಿದ ನೀಲಮಣಿಯ ಆಯುಸ್ಸು ಗಣೇಶನ ಹಬ್ಬದ ಹೊತ್ತಿಗೆ ತೀರಿರುತ್ತದೆ. ಅದು ಮುರಿಯುವುದಿಲ್ಲ, ಹಾಡು ನಿಲ್ಲುವುದಿಲ್ಲ. ದಿನಕ್ಕೊಂದಿಷ್ಟರಂತೆ ಸ್ವರ ಮಸುಕಾಗುವುದರಿಂದ ಕೇಳುವವರಿಗೆ ಗೊತ್ತೂ ಆಗುವುದಿಲ್ಲ. ಅತಿ ಹೆಚ್ಚು ಪ್ರೀತಿಯಿಂದ ಕೇಳಿದ ತಟ್ಟೆಯೇ ಅತಿ ಹೆಚ್ಚು ಕೆಟ್ಟದ್ದು ಹೀಗೆ, ಮತ್ತು ನನಗೆ ಬಹಳ ನೋವಿನ ಸಂಗತಿ ಇದೇ. ನಮ್ಮಲ್ಲಿ ಇನ್ನೊಂದು ತೊಡಕೂ ಇತ್ತು. ಭಾರತದಲ್ಲಿ 1960ರ ದಶಕದಲ್ಲೂ 78ರ ಪ್ಲೇಟುಗಳು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಬಗೆಯವು, ತಯಾರಾಗುತ್ತಿದ್ದವು. ಗಾಯಕ ಕಾಳಿಂಗರಾಯರ 78ರ ಪ್ಲೇಟೂ ಹೊಸ ಲಾಂಗ್ ಪ್ಲೇಯೂ ಒಂದೇ ಪೆಟ್ಟಿಗೆಯ ಮೇಲೆ ತಿರುಗಬೇಕಾದಾಗ, ಒಂದು ಪುಟ್ಟ ಕಡ್ಡಿ ತಿರುಗಿಸಿ ದಪ್ಪ ತುದಿಯನ್ನೋ ಸಣ್ಣ ತುದಿಯನ್ನೋ ಕೆಳಗೆ ತರುವ ಕಾರ್ಟ್ರಿಜ್ ಬಳಕೆಗೆ ಬಂತು. ತಿರುಗಿಸಲು ಮರೆತರೆ ಎರಡು ಬಗೆಯ ತಟ್ಟೆಗೂ ಪೆಟ್ಟು.

ಇದನ್ನು ಒಪ್ಪದವರು ಧೂಳಿನ ಕಡೆ ಬೆರಳು ತೋರಿಸಬಹುದು. ಧೂಳು ಅಪರಾಧಿ ಹೌದು, ಆದರೆ ಅದು ಮುಖ್ಯವಾಗಿ ಗೀರಿನ ತಳದಲ್ಲಿ ಕೂರುತ್ತದೆ, ತೊಳೆದರೆ ಬಹುಪಾಲು ಹೋಗುತ್ತದೆ. ತೊಳೆದ ಮೇಲೂ ಮೇಲಿನ ಷಡ್ಜ ಸೀಳಿದಂತೆ ಕೇಳಿಸಿದರೆ ಅದು ಗೋಡೆ ಸವೆದ ಗುರುತು. ಇನ್ನು ಕೆಲವರು ಹೊಸ ಸ್ಟೈಲಸ್ ಎಂಬುದು ಹಣವಂತರ ಶೋಕಿ, ಕಿವಿಗೆ ತಿಳಿಯದ ವ್ಯತ್ಯಾಸಕ್ಕೆ ಸಾವಿರಾರು ರೂಪಾಯಿ ಸುರಿಯುವುದು ಎನ್ನುತ್ತಾರೆ. ಬೆಲೆಯ ಏಣಿಯಲ್ಲಿ ಮೇಲಕ್ಕೆ ಹೋದಂತೆ ಆ ಮಾತಿನಲ್ಲಿ ಸತ್ಯವಿದೆ. ಆದರೆ ಮೊದಲ ಮೆಟ್ಟಿಲಿನ ಕಥೆ ಬೇರೆ. ಹಳೆಯ ದುಂಡು ತುದಿ ಗೀರಿನ ಗೋಡೆಯನ್ನು ಒಂದು ಎತ್ತರದಲ್ಲಷ್ಟೇ ಮುಟ್ಟಿ ಸವೆಸಿದೆ. ಅದರ ಮೇಲೆ, ಕೆಳಗೆ ಯಾವ ಮುಳ್ಳೂ ಮುಟ್ಟದ ಗೋಡೆ ಇನ್ನೂ ಇದೆ. ಅಂಡಾಕಾರದ ಅಥವಾ ಇನ್ನೂ ನಯವಾಗಿ ಅರೆದ ತುದಿ ಆ ಜಾಗವನ್ನು ಮುಟ್ಟಬಲ್ಲದು. 78ರ ಪ್ಲೇಟುಗಳನ್ನು ಉಳಿಸುವ ಪರಿಣತರು ಒಂದೇ ಪ್ಲೇಟಿಗೆ ಬೇರೆ ಬೇರೆ ದಪ್ಪದ ತುದಿಗಳನ್ನು ಇಟ್ಟು ನೋಡುವುದು ಇದೇ ಕಾರಣಕ್ಕೆ. ಗೋಡೆ ಪೂರ್ತಿ ಹರಿದಿದ್ದರೆ ಯಾವ ವಜ್ರವೂ ಏನೂ ಮಾಡಲಾರದು, ಅದನ್ನೂ ಹೇಳಲೇಬೇಕು.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. 1978ರಲ್ಲಿ ‘ನಿತ್ಯೋತ್ಸವ’ ಭಾವಗೀತೆಗಳ ಕ್ಯಾಸೆಟ್ ಬಂದಂದಿನಿಂದ ಕನ್ನಡದ ಹಾಡು ಮುಳ್ಳಿನ ಹಂಗು ಕಳಚಿಕೊಂಡಿತು; ಈಗ ಹಳೆಯದೆಲ್ಲ ಫೋನಿನಲ್ಲೇ ಸಿಗುವಾಗ ಪ್ಲೇಟು ಏಕೆ? ಆದರೆ ಹಳೆಯ ಪ್ಲೇಟಿನಿಂದ ಫೋನಿಗೆ ಬಂದದ್ದೂ ಯಾವುದೋ ಮುಳ್ಳಿನ ಓದೇ. 78ರ ಗೀರಿಗೆ ಸುಮಾರು ಎಪ್ಪತ್ತು ಮೈಕ್ರಾನಿನ ತುದಿ ಬೇಕು, ಲಾಂಗ್ ಪ್ಲೇಗೆ ಹದಿನೆಂಟರಿಂದ ಇಪ್ಪತ್ತೈದು. ಸಣ್ಣ ತುದಿಯನ್ನು ಅಗಲ ಗೀರಿಗೆ ಇಳಿಸಿದರೆ ಅದು ತಳದ ಧೂಳಿನಲ್ಲಿ ಎಳೆದಾಡಿ ಬುಸುಗುಟ್ಟುತ್ತದೆ. ಹಾಗೆ ಮಾಡಿದ ಪ್ರತಿಯನ್ನು ಕೇಳಿ, ಹಿಂದಿನವರ ಧ್ವನಿಯೇ ಹಾಗಿತ್ತು ಎಂದು ತೀರ್ಮಾನಿಸುವುದು ಆ ಗಾಯಕರಿಗೆ ಮಾಡುವ ಅನ್ಯಾಯ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಲಿ 1939ರಿಂದ ನಡೆಸಿಕೊಂಡು ಬಂದ ರಾಮನವಮಿ ಕಚೇರಿಗಳನ್ನು ಕೇಳಿ ಬೆಳೆದ ಊರಿನ ಕಿವಿ ಇಷ್ಟಕ್ಕೆ ತೃಪ್ತವಾಗಬಾರದು.

ಒಂದು ಎಚ್ಚರಿಕೆ ಮಾತ್ರ ಉಂಟು. ಹಳೆಯ ರೆಕಾರ್ಡ್ ಪ್ಲೇಯರುಗಳಲ್ಲಿ ಹೆಚ್ಚಿನವು ಸ್ಫಟಿಕ ಅಥವಾ ಸೆರಾಮಿಕ್ ಕಾರ್ಟ್ರಿಜ್ಜಿಗಾಗಿ ಮಾಡಿದವು. ಇಂದಿನ ಅಯಸ್ಕಾಂತದ ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿವೋಲ್ಟ್. ಅದಕ್ಕೆ ಹಗುರ ತೋಳೂ ಪ್ರತ್ಯೇಕ ಫೋನೋ ಆಂಪ್ಲಿಫೈಯರೂ ಬೇಕು. ಹಳೆಯ ತೋಳಿಗೆ ಅದನ್ನು ಒತ್ತಾಯದಿಂದ ಕಟ್ಟಬೇಡಿ. ಅಜ್ಜಿಯ ಪೆಟ್ಟಿಗೆಗೆ ಅದರ ಜಾತಿಯದೇ ಹೊಸ ತುದಿ ಸಾಕು. ಅಪರೂಪದ ತಟ್ಟೆಗಳನ್ನು ಎರಡು ಗ್ರಾಂ ಆಸುಪಾಸಿನ ಭಾರದಲ್ಲಿ ಓಡುವ ಟರ್ನ್‌ಟೇಬಲ್ ಇರುವವರ ಮನೆಗೆ ಒಯ್ಯಿರಿ. ಯಾವುದೇ ಆಗಲಿ, ಅಟ್ಟದಿಂದ ಇಳಿಸಿದ ದಿನವೇ ಹಳೆಯ ಮುಳ್ಳಿನಲ್ಲಿ ‘ಒಮ್ಮೆ ಕೇಳಿ ನೋಡೋಣ’ ಎಂದು ಹಾಕಬೇಡಿ. ಮೊದಲು ಮುಳ್ಳು ಬದಲಿಸಿ.